ಗದ್ದೆ ಸಮುದ್ರಕ್ಕೆ ಹೋಗಿದೆ, ಏನ್ ಮಾಡ್ಲಿ?

ಪ್ರಶ್ನೆ: ಮೊಬೈಲ್ ಜಿಪಿಎಸ್ ಹಿಡಿದು ನಮ್ಮ ಕಬ್ಬಿನ ಗದ್ದೆಯ ನಾಲ್ಕು ಮೂಲೆ ಗುರುತು ಮಾಡಿಕೊಂಡೆ. ಅಜ್ಜನ ಕಾಲದ ಟೋಪೋಶೀಟ್ (ಸರ್ವೆ ಇಲಾಖೆಯ ನಕ್ಷೆ) ಸ್ಕ್ಯಾನ್ ಮಾಡಿ, ಅಕ್ಷಾಂಶ ರೇಖಾಂಶದ ಗೆರೆ ನೋಡಿ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಕೂರಿಸಿದರೆ, ಗದ್ದೆ ಇನ್ನೂರು ಮೀಟರ್ ಸರಿದು ವಿ.ಸಿ. ನಾಲೆ ಆಚೆ ಕೂತಿದೆ. ಗೆಳೆಯ ಮೂಲೆಗಳನ್ನು ಯುಟಿಎಂಗೆ (ಡಿಗ್ರಿ ಬದಲು ಮೀಟರಿನಲ್ಲಿ ಜಾಗ ಹೇಳುವ ಪದ್ಧತಿ) ಬದಲಾಯಿಸು ಅಂದ. ಬದಲಾಯಿಸಿದೆ, ಗದ್ದೆಯೇ ಮಾಯ! ಬೇರೆ ಸಾಫ್ಟ್‌ವೇರ್ ಹೇಳಿ.
– ಒಬ್ಬ ಓದುಗ, ಮಂಡ್ಯ

ಉತ್ತರ: ಸಾಫ್ಟ್‌ವೇರ್ ಸರಿಯಾಗೇ ಇದೆ, ಬಿಡಿ. ಗದ್ದೆನೂ ಮಾಯ ಆಗಿಲ್ಲ, ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಸಮುದ್ರದಲ್ಲಿ ತೇಲುತ್ತಿದೆ.

ನೀವು ಒತ್ತಿದ್ದು 'ಸೆಟ್ ಲೇಯರ್ ಸಿಆರ್‌ಎಸ್' ಅಲ್ವಾ? ಸಿಆರ್‌ಎಸ್ ಅಂದ್ರೆ ಅಂಕಿಗಳನ್ನು ಯಾವ ಪದ್ಧತಿಯಲ್ಲಿ ಓದಬೇಕು ಅನ್ನೋ ಚೀಟಿ. ಆ ಗುಂಡಿ ಲೆಕ್ಕ ಮಾಡಲ್ಲ, ಬರೀ ಚೀಟಿ ಬದಲಾಯಿಸುತ್ತೆ, ಬೆಲ್ಲದ ಡಬ್ಬಕ್ಕೆ ಉಪ್ಪಿನ ಚೀಟಿ ಅಂಟಿಸಿದ ಹಾಗೆ. ನಿಮ್ಮ 12.52, 76.90 ಡಿಗ್ರಿಗಳನ್ನು ಅದು ಮೀಟರ್ ಅಂದುಕೊಂಡಿತು. ಮಂಡ್ಯ ಇರುವ ಯುಟಿಎಂ 43ನೇ ವಲಯದಲ್ಲಿ ನಿಮ್ಮೂರಿನ ಅಂಕಿ ಪೂರ್ವಕ್ಕೆ 7 ಲಕ್ಷ ಚಿಲ್ಲರೆ, ಉತ್ತರಕ್ಕೆ 13 ಲಕ್ಷ ಚಿಲ್ಲರೆ ಮೀಟರ್ ಬರಬೇಕು. ಹಾಗೆ ನಿಜವಾಗಿ ಲೆಕ್ಕ ಹಾಕೋದು 'ರೀಪ್ರೊಜೆಕ್ಟ್ ಲೇಯರ್'. ನಿಮಗೆ ಅದೂ ಬೇಡ.

ಯಾಕಂದ್ರೆ ತಪ್ಪು ಗದ್ದೆಯದ್ದಲ್ಲ, ನಕ್ಷೆಯದ್ದು. ಮೊಬೈಲ್ ಕೊಡೋದು ಡಬ್ಲ್ಯೂಜಿಎಸ್ 84, ಅಂದ್ರೆ ಜಿಪಿಎಸ್ ಬಳಸುವ ಭೂಮಿಯ ಅಳತೆಯ ಪ್ರಕಾರದ ಡಿಗ್ರಿ. ಹಳೇ ಟೋಪೋಶೀಟ್ ಬರೆದದ್ದು 1830ರ ಎವರೆಸ್ಟ್ ಗೋಳದ (ಸರ್ವೆಯ ಜಾರ್ಜ್ ಎವರೆಸ್ಟ್ ಲೆಕ್ಕ ಹಾಕಿದ ಭೂಮಿಯ ಆಕಾರ) ಮೇಲೆ, ಮಧ್ಯಪ್ರದೇಶದ ಕಲಿಯಾನ್‌ಪುರ ಬೆಟ್ಟವನ್ನು ಮೂಲವಾಗಿ ಇಟ್ಟುಕೊಂಡು. ಭೂಮಿಯ ಆಕಾರವೇ ಬೇರೆ ಅಂತ ಹಿಡಿದರೆ ಅದೇ ಡಿಗ್ರಿ ಬೇರೆ ಜಾಗ ತೋರಿಸುತ್ತೆ, ನಮ್ಮ ಕಡೆ ಆ ವ್ಯತ್ಯಾಸ ಸುಮಾರು ಇನ್ನೂರು ಮೀಟರ್. (ಈ ನಕ್ಷೆಗಳಿಗೆ ಬುನಾದಿಯಾದ ಸರ್ವೆ ಶುರು ಮಾಡಿದ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ 1799ರಲ್ಲಿ ನಿಮ್ಮ ಪಕ್ಕದ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದವನು. ಮೂರು ವರ್ಷ ಬಿಟ್ಟು ಮದ್ರಾಸಿನಲ್ಲಿ ಸರಪಳಿ ಎಳೆಯೋಕೆ ಶುರು ಮಾಡಿದ.)

ಹಾಗಾಗಿ ಮೂಲೆಗಳ ಚೀಟಿ ಮೊದಲಿದ್ದ 4326ಕ್ಕೇ (ಡಬ್ಲ್ಯೂಜಿಎಸ್ 84ರ ಸಂಖ್ಯೆ) ವಾಪಸ್ ಮಾಡಿ. ನಕ್ಷೆಯ ಚೀಟಿ ಮಾತ್ರ 'ಕಲಿಯಾನ್‌ಪುರ್ 1975', ಸಂಖ್ಯೆ 4146, ಅಂತ ಹಾಕಿ. ಇಲ್ಲಿ ಚೀಟಿ ಬದಲಾಯಿಸೋದೇ ಸರಿ, ಇದ್ದ ಚೀಟಿಯೇ ತಪ್ಪಲ್ವಾ! ಮಿಕ್ಕ ಲೆಕ್ಕ ಒಳಗಿರುವ ಪ್ರೋಜ್ ಅನ್ನೋ ಉಚಿತ ತಂತ್ರಾಂಶ ತಾನೇ ಮಾಡಿಕೊಳ್ಳುತ್ತೆ. ಆದರೂ ಇಪ್ಪತ್ತು ಮೀಟರ್‌ವರೆಗೂ ಆಚೀಚೆ ಆಗಬಹುದು, ಆ ಲೆಕ್ಕವೇ ಅಂದಾಜಿನದ್ದು, ಮೊಬೈಲೂ ಒಂದಿಷ್ಟು ತಪ್ಪುತ್ತೆ.

ಪಕ್ಕದವರ ಜೊತೆ ಬದುವಿನ ತಕರಾರು ಇದ್ದು ಇದನ್ನೆಲ್ಲ ಮಾಡ್ತಿದ್ರೆ ಸುಮ್ನೆ ಹದ್ದುಬಸ್ತಿಗೆ ಅರ್ಜಿ ಹಾಕಿ.