ತಿರುಗುವ ಜೈಲಿಗೆ ಅಂತಸ್ತಿಗೊಂದೇ ಬಾಗಿಲು

ಪ್ರಶ್ನೆ: ಅಮೆರಿಕದಲ್ಲಿ ಹಿಂದೆ ಗಿರಗಿರ ತಿರುಗುವ ಜೈಲುಗಳಿದ್ದವಂತೆ. ನಮ್ಮ ಫ್ರೀಡಂ ಪಾರ್ಕಿನ ನಡುಗೋಪುರದಂತೆ ಕೈದಿಗಳ ಮೇಲೆ ಕಣ್ಣಿಡುವ ಉಪಾಯವೇ ಅದು?
– ಓದುಗರು, ಬೆಂಗಳೂರು

ಉತ್ತರ: ಜೈಲುಗಳಿದ್ದದ್ದು ನಿಜ, ಉಪಾಯ ಮಾತ್ರ ಬೇರೆ. ಈಗ ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಹಳೇ ಸೆಂಟ್ರಲ್ ಜೈಲಿನಲ್ಲಿ ಕಾವಲುಗಾರ ನಡುವೆ, ಕೈದಿಗಳು ಸುತ್ತ. ಅಮೆರಿಕದ ಆ ಜೈಲುಗಳಲ್ಲಿ ಕೈದಿಗಳು ನಡುವೆ, ಕಾವಲುಗಾರ ಹೊರಗೆ. ಕೈದಿಯ ಹತ್ತಿರ ಹೋಗದೆಯೇ ಅವನನ್ನು ಹತೋಟಿಯಲ್ಲಿಡಬೇಕು ಎಂಬುದೇ ಅದರ ಉದ್ದೇಶ. ಇಂಡಿಯಾನಾಪೊಲಿಸ್‌ನ ವಾಸ್ತುಶಿಲ್ಪಿ ವಿಲಿಯಂ ಬ್ರೌನ್ ಮತ್ತು ಅದೇ ಊರಿನ ಕಬ್ಬಿಣ ಕಾರ್ಖಾನೆದಾರರೊಬ್ಬರು 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು.

ಮೊದಲನೆಯದು ಇಂಡಿಯಾನಾ ರಾಜ್ಯದ ಕ್ರಾಫರ್ಡ್ಸ್‌ವಿಲ್‌ನಲ್ಲಿ 1882ರಲ್ಲಿ ತೆರೆದ ಮಾಂಟ್ಗೊಮರಿ ಕೌಂಟಿ ಜೈಲು. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆಯಿದ್ದಂತೆ. ಮುಂಭಾಗದಲ್ಲಿ ಷರೀಫನ (ಕೌಂಟಿಯ ಪೊಲೀಸ್ ಮುಖ್ಯಸ್ಥನ) ಮನೆ, ಹಿಂದೆ ಜೈಲು. ಬೀದಿಯಿಂದ ನೋಡಿದವರಿಗೆ ಅದು ಸ್ಥಿತಿವಂತರ ಇಟ್ಟಿಗೆ ಮನೆ, ಅಷ್ಟೆ. ಒಳಗೆ ಎರಡು ಅಂತಸ್ತಿನ ಕಬ್ಬಿಣದ ಪೀಪಾಯಿ, ಅಂತಸ್ತಿಗೆ ಎಂಟರಂತೆ 16 ಕೋಣೆ. ಒಂದೊಂದು ಕೋಣೆಯೂ ಬಂಡಿ ಚಕ್ರದ ಎರಡು ಅರಗಳ ನಡುವಿನ ಜಾಗದಂತೆ: ಹೊರಗೆ ಅಗಲ, ಒಳಗೆ ಕಿರಿದು. ಕಿರಿದಾದ ತುದಿಯಲ್ಲಿ ಪಾಯಿಖಾನೆ. ಕೊಳವೆಗಳೆಲ್ಲ ನಡುವಿನ ಟೊಳ್ಳು ಕಂಬದಲ್ಲಿ ಇಳಿಯುತ್ತವೆ. ಆ ಕಾಲದ ಜೈಲಿಗೆ ಅದು ದೊಡ್ಡ ಸೌಕರ್ಯವೇ.

ಪೀಪಾಯಿಯ ಸುತ್ತ ಅಲುಗದ ಸರಳುಗಳ ಬೇಲಿ, ಅದರಲ್ಲಿ ಅಂತಸ್ತಿಗೊಂದೇ ಬಾಗಿಲು. ಕೋಣೆಗಳಿಗೆ ಬೇರೆ ಬಾಗಿಲೇ ಇಲ್ಲ. ಕೆಳಗೆ ಬೇರಿಂಗು, ಹಲ್ಲುಗಾಲಿ. ಒಬ್ಬನೇ ಆಳು ಹಿಡಿಕೆ ತಿರುಗಿಸಿ, ಬೇಕಾದ ಕೋಣೆಯನ್ನು ಬಾಗಿಲಿನೆದುರು ತಂದು ನಿಲ್ಲಿಸುತ್ತಿದ್ದ.

ಕೆಟ್ಟದ್ದೂ ಇಲ್ಲೇ. ತಿರುಗುವಾಗ ಸರಳಿನಾಚೆ ಚಾಚಿದ ಕೈಕಾಲು ತಿರುಗುವ ಕೋಣೆಗೋಡೆಗೂ ಅಲುಗದ ಸರಳಿಗೂ ನಡುವೆ ಕತ್ತರಿಗೆ ಸಿಕ್ಕಂತೆ ಸಿಕ್ಕಿ ಜಜ್ಜಿಹೋಗುತ್ತಿತ್ತು. ಹಿಡಿಕೆ ತಿರುಗಿಸುವವನಿಗೆ ಆಚೆ ಬದಿ ಕಾಣುವುದೂ ಇಲ್ಲ. ಬೆಂಕಿ ಬಿದ್ದರಂತೂ ಅಂತಸ್ತಿಗೊಂದು ಕೋಣೆ ಬಿಟ್ಟು ಉಳಿದವರೆಲ್ಲ ಬಂದಿ. ಗಾಲಿ ಕಚ್ಚಿಕೊಂಡರೆ ಮುಗಿದೇಹೋಯಿತು. ಕಾವಲುಗಾರನನ್ನು ಉಳಿಸುವ ಲೆಕ್ಕದಲ್ಲಿ ಕೈದಿಯ ಜೀವವನ್ನು ಮರೆತ ವಿನ್ಯಾಸವಿದು ಎಂದೇ ನಮ್ಮ ಅಭಿಪ್ರಾಯ. ಮುಂದೆ ಹಲವು ಕಡೆ ಪೀಪಾಯಿಯನ್ನು ಅಲುಗದಂತೆ ಬೆಸುಗೆ ಹಾಕಿ, ಕೋಣೆಗೊಂದು ಬಾಗಿಲು ಕೊರೆದರು.

ಇಂದು ಉಳಿದಿರುವುದು ಮೂರು. ಅಯೋವಾದ ಕೌನ್ಸಿಲ್ ಬ್ಲಫ್ಸ್‌ನಲ್ಲಿರುವುದು (1885) ಮೂರು ಅಂತಸ್ತಿನದು, ಅಂತಸ್ತಿಗೆ ಹತ್ತು ಕೋಣೆ; ಜನ ಕರೆಯುವುದು 'ಅಳಿಲಿನ ಪಂಜರ' ಎಂದು. 1969ರವರೆಗೂ ಅಲ್ಲಿ ಕೈದಿಗಳಿದ್ದರು. ಇನ್ನೊಂದು ಮಿಸೌರಿಯ ಗ್ಯಾಲಟಿನ್‌ನಲ್ಲಿದೆ, ಒಂದೇ ಅಂತಸ್ತು. ಹೋಗುವ ಅವಕಾಶ ಸಿಕ್ಕರೆ ಕ್ರಾಫರ್ಡ್ಸ್‌ವಿಲ್‌ನದನ್ನೇ ನೋಡಿ. 1973ರಲ್ಲಿ ಮುಚ್ಚಿದ ಆ ಜೈಲು ಈಗ ವಸ್ತುಸಂಗ್ರಹಾಲಯ. ಅದರ ಪೀಪಾಯಿ ಇಂದಿಗೂ ತಿರುಗುತ್ತದೆ.

– ಸಂ.