ಅಕ್ರಿಲಿಕ್ ಅಡಿಬಣ್ಣದ ಮೇಲೆ ಆಯಿಲ್‌ನಲ್ಲಿ ಕಾಟಿ ಬರೆಯುವುದು

ಮೊದಲು ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಹಚ್ಚಿ, ಅದರ ಮೇಲೆ ಆಯಿಲ್‌ನಲ್ಲಿ, ಅಂದರೆ ಎಣ್ಣೆಬಣ್ಣದಲ್ಲಿ, ಕಾಡುಪ್ರಾಣಿ ಬರೆಯಬಹುದಾ, ಮುಂದೆ ಬಣ್ಣ ಕಿತ್ತು ಬರಲ್ವಾ ಅಂತ ಕೇಳಿದ್ದೀರಿ. ಧಾರಾಳವಾಗಿ ಬರೆಯಬಹುದು. ನಾನು ಬರೆಯುವುದೇ ಹಾಗೆ. ಆದರೆ ಅಡಿಯಲ್ಲಿ ಅಕ್ರಿಲಿಕ್, ಮೇಲೆ ಆಯಿಲ್. ಇದು ಅದಲುಬದಲಾಗಬಾರದು. ಒಮ್ಮೆ ಆನೆಯ ಕಣ್ಣಿಗೆ, ಆಯಿಲ್ ಒಣಗಿದೆಯಲ್ಲ ಅಂತ, ಅಕ್ರಿಲಿಕ್ ಬಿಳಿಯಲ್ಲಿ ಹೊಳಪಿನ ಚುಕ್ಕಿ ಇಟ್ಟಿದ್ದೆ. ಕೆಲವೇ ತಿಂಗಳಲ್ಲಿ ಚಕ್ಕೆಯಾಗಿ ಉದುರಿತು. ತುಂಬ ಬೇಜಾರಾಯಿತು.

ನಾಗರಹೊಳೆಯ ಕಾಟಿಯನ್ನೇ, ಅಂದರೆ ಕಾಡುಕೋಣವನ್ನೇ, ತೆಗೆದುಕೊಳ್ಳಿ. ಬಲಿತ ಗಂಡು ಕಾಟಿ ದೂರಕ್ಕೆ ಬರೀ ಕಪ್ಪು. ಹಾಗಂತ ಟ್ಯೂಬಿನ ಕಪ್ಪನ್ನೇ ಬಳಿದರೆ ಕ್ಯಾನ್ವಾಸಿಗೆ ತೂತು ಬಿದ್ದಂತೆ ಕಾಣುತ್ತದೆ. ನಾನು ಅಕ್ರಿಲಿಕ್ ಬರ್ನ್ಟ್ ಸಿಯೆನ್ನಾದಲ್ಲಿ (ಕೆಂಪು ಮಿಶ್ರಿತ ಕಂದು) ಇಡೀ ಮೈ, ಬೆನ್ನಿನ ದಿಣ್ಣೆ, ಹೊಟ್ಟೆಯಡಿಯ ನೆರಳು ಗುರುತಿಸಿಕೊಳ್ಳುತ್ತೇನೆ. ಬೇಗ ಒಣಗುವುದರಿಂದ ಕಾಲಿನ ಅಳತೆ ತಪ್ಪಿದ್ದರೆ ಅಲ್ಲೇ ತಿದ್ದಬಹುದು. ಅದರ ಮೇಲೆ ಬರ್ನ್ಟ್ ಅಂಬರ್ (ಗಾಢ ಕಂದು) ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿದ ಆಯಿಲ್ ಕಪ್ಪು, ತೆಳ್ಳಗೆ. ಅಡಿಯ ಕೆಂಪು ಅಲ್ಲಲ್ಲಿ ಇಣುಕುತ್ತದೆ. ಆಗ ಆ ಕಪ್ಪಿಗೆ ಜೀವ ಬರುತ್ತದೆ. ಬೆನ್ನಿನ ಮೇಲೆ ಆಕಾಶದ ತಂಪು ಬೆಳಕು ಬಿದ್ದಿರುತ್ತದೆ ಅಲ್ವಾ, ಅದನ್ನು ಹಸಿ ಬಣ್ಣದಲ್ಲೇ ಮೆತ್ತನೆಯ ಬ್ರಷ್ಷಿನಿಂದ ಸವರಿ ಸೇರಿಸಿ. ಅಕ್ರಿಲಿಕ್‌ನಲ್ಲಿ ಇದಕ್ಕೆ ಪುರುಸೊತ್ತೇ ಸಿಗಲ್ಲ. ಆಯಿಲ್ ಬೇಕಾಗುವುದೇ ಇಲ್ಲಿ. ಮೊಣಕಾಲಿನ ಕೆಳಗಿನ ಬಿಳಿಗೆ ಸ್ವಲ್ಪ ಓಕರ್ (ಮಣ್ಣಿನ ಹಳದಿ) ಬೆರೆಸಿ. ಅಚ್ಚ ಬಿಳಿ ಅಲ್ಲಿ ಸುಳ್ಳಾಗಿ ಕಾಣುತ್ತದೆ.

ಇನ್ನು ಕಿತ್ತು ಬರುವ ಭಯ. ಅಕ್ರಿಲಿಕ್ ತೆಳ್ಳಗಿರಲಿ, ಹೊಳಪಿಲ್ಲದೆ ಮ್ಯಾಟ್ ಆಗಿರಲಿ. ದಪ್ಪಗೆ, ನುಣುಪಾಗಿ ಬಳಿದರೆ ಆಯಿಲ್‌ಗೆ ಹಿಡಿತ ಸಿಗಲ್ಲ. ನೀರನ್ನೂ ಜಾಸ್ತಿ ಹಾಕಬೇಡಿ, ಬಣ್ಣದ ಅಂಟು ಸಡಿಲವಾಗುತ್ತದೆ. ಮುಟ್ಟಿದಾಗ ಒಣಗಿದಂತಿದ್ದರೂ ಒಳಗೆ ತೇವ ಇರುತ್ತದೆ. ಮೂರು ದಿನ ಬಿಡಿ, ಮಳೆಗಾಲದಲ್ಲಿ ಒಂದು ವಾರ. ಆಯಿಲ್‌ನ ಮೊದಲ ಪದರಕ್ಕೆ ಲಿನ್ಸೀಡ್ (ಅಗಸೆ) ಎಣ್ಣೆ ಕಮ್ಮಿ, ಮೇಲೆ ಹೋದಂತೆ ಜಾಸ್ತಿ. ಇಲ್ಲದಿದ್ದರೆ ಮೇಲಿನ ಪದರ ಮೊದಲು ಒಣಗಿ ಬಿರುಕು ಬಿಡುತ್ತದೆ.

ಕಣ್ಣಿನ ಚುಕ್ಕಿಯನ್ನು ಕೊನೆಗೆ ಇಡಿ, ಆಯಿಲ್ ಬಿಳಿಯಲ್ಲೇ.