‘ಇನ್‌ಫೀಸಿಬಲ್’ ಅಂದರೆ ಇನ್ನು ಆಗೋದೇ ಇಲ್ಲ ಅಂತಾನಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಊರು. ಹಳ್ಳಕ್ಕೊಂದು ಕಾಲುಸಂಕ (ನಡೆದು ದಾಟುವ ಸಣ್ಣ ಸೇತುವೆ) ಬೇಕು ಅಂತ ಅರ್ಜಿ ಕೊಟ್ಟಿದ್ದೆವು. ಇಂಗ್ಲಿಷಿನಲ್ಲಿ ಬಂದ ಉತ್ತರದಲ್ಲಿ ‘ಇನ್‌ಫೀಸಿಬಲ್’ ಅಂತ ಇದೆ. ಇದು ‘ಇಂಪಾಸಿಬಲ್’ ಅಂತಲೋ, ‘ಇಂಪ್ರಾಕ್ಟಿಕಲ್’ ಅಂತಲೋ ಮೇಡಂ?

ಉತ್ತರ: ಎರಡೂ ಅಲ್ಲ. ಆ ಕಾಗದವನ್ನು ದಯವಿಟ್ಟು ಮಡಚಿಟ್ಟುಬಿಡಬೇಡಿ.

‘ಫೀಸಿಬಲ್’ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ. ಅಲ್ಲಿ ‘ಫೇರ್’ ಅಂದರೆ ಮಾಡು. ಮಾಡಲು ಆಗುವಂಥದ್ದು ಫೀಸಿಬಲ್, ಆಗದ್ದು ಇನ್‌ಫೀಸಿಬಲ್. ‘ಅನ್‌ಫೀಸಿಬಲ್’ ಅಂದರೂ ತಪ್ಪಲ್ಲ. ಕಚೇರಿ ಕನ್ನಡದಲ್ಲಿ ‘ಕಾರ್ಯಸಾಧುವಲ್ಲ’ ಅನ್ನುತ್ತಾರೆ. ಈಗಿರುವ ಜಾಗ, ದುಡ್ಡು, ಸಮಯ ಎಲ್ಲ ಲೆಕ್ಕ ಹಾಕಿ ಹೇಳುವ ಮಾತು ಇದು. ಲೆಕ್ಕ ಬದಲಾದರೆ ಮಾತೂ ಬದಲಾಗುತ್ತದೆ.

ತೋಟದ ಕೆಲಸವನ್ನೇ ನೋಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತೀರಿ ಅಲ್ವಾ? 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮಳೆ ಬಿಡದೆ ಸುರಿಯುವ ದಿನ ಔಷಧಿ ಹೊಡೆಯುವುದು ಇನ್‌ಫೀಸಿಬಲ್. ಗೊನೆಗೆ ಅಂಟುವ ಮೊದಲೇ ತೊಳೆದುಹೋಗುತ್ತದೆ. ಎರಡು ದಿನ ಮಳೆ ಬಿಟ್ಟು ಹೊಳವಾಯಿತೋ, ಅದೇ ಕೆಲಸ ಫೀಸಿಬಲ್. ಪೈಪು, ಪಂಪು ಇದ್ದೂ ಆ ದ್ರಾವಣವನ್ನೆಲ್ಲ ಕೊಡದಲ್ಲಿ ಹೊತ್ತು ತೋಟಕ್ಕೆ ಸಾಗಿಸುತ್ತೇನೆ ಅನ್ನುವುದು ಇಂಪ್ರಾಕ್ಟಿಕಲ್. ಮಾಡಬಹುದು, ಆದರೆ ಸುಮ್ನೆ ಮೈಕೈ ನೋವು. ಉದುರಿದ ಅಡಿಕೆಯನ್ನು ಮತ್ತೆ ಗೊನೆಗೆ ಅಂಟಿಸುವುದು ಇಂಪಾಸಿಬಲ್. ಅದಕ್ಕೆ ಯಾವ ಹೊಳವೂ ಇಲ್ಲ.

ಬಳಸುವಾಗ ಒಂದು ಗಮನವಿರಲಿ. ಮನುಷ್ಯರನ್ನು ಇಂಪ್ರಾಕ್ಟಿಕಲ್ ಅನ್ನಬಹುದು, ಇನ್‌ಫೀಸಿಬಲ್ ಅನ್ನುವುದಿಲ್ಲ. ಅದು ಯೋಜನೆಗೆ, ಕೆಲಸಕ್ಕೆ ಮಾತ್ರ.

ನಮ್ಮ ಜಿಲ್ಲೆಯಲ್ಲೇ ಶರಾವತಿ ಹಿನ್ನೀರಿನ ಆಚೆಯವರು ದಶಕಗಳ ಕಾಲ ಲಾಂಚನ್ನೇ ನೆಚ್ಚಿಕೊಂಡಿದ್ದರು. 2025ರ ಜುಲೈನಲ್ಲಿ ಸಿಗಂದೂರಿಗೆ ಹೋಗುವ ಸೇತುವೆ ತೆರೆಯಿತು. ಉದ್ದ ಎರಡು ಕಿ.ಮೀ.ಗಿಂತ ಜಾಸ್ತಿ. ನೀರು ಅದೇ ನೀರು. ದುಡ್ಡು ಮತ್ತು ಮನಸ್ಸು ಎರಡೂ ಕೂಡಿಬಂದವು.

ನಿಮ್ಮ ಹಳ್ಳ ಅದರ ಮುಂದೆ ಎಷ್ಟರದು! ಹಾಗಾಗಿ ಇನ್ನೊಂದು ಕಾಗದ ಬರೆಯಿರಿ. ಇನ್‌ಫೀಸಿಬಲ್ ಆದದ್ದು ಯಾವುದರಿಂದ? ಹಣ ಸಾಲದೆಯೋ, ದಡ ಗಟ್ಟಿಯಿಲ್ಲದೆಯೋ, ನೀವು ತೋರಿಸಿದ ಜಾಗ ಸರಿಯಿಲ್ಲದೆಯೋ? ಜಾಗದ್ದೇ ತೊಂದರೆಯಾದರೆ ಹಳ್ಳ ಕಿರಿದಾಗುವ ಕಡೆ ಆಗುತ್ತದೆಯೇ ಅಂತಲೂ ಕೇಳಿ. ಸ್ಥಳ ಪರಿಶೀಲನೆಯ ವರದಿ ಇದ್ದರೆ ಅದರ ಪ್ರತಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಪಡೆಯಬಹುದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗೆ 30 ದಿನ ಗಡುವು.